ಮಂತ್ರಕ್ಕೆ ಬೆಲೆ ತೆತ್ತವರು

ಫ್ಯಾಂಟಸಿ ಕಾದಂಬರಿ ಹಿಡಿದಾಗಲೆಲ್ಲ ನನ್ನೊಳಗೆ ಏಳುವ ಪ್ರಶ್ನೆ ಒಂದೇ: ಇಲ್ಲಿ ಮಂತ್ರಕ್ಕೆ ಬೆಲೆ ತೆರುವವರು ಯಾರು?

*

ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಯಾವುದಕ್ಕೂ ಎದೆ ಹೊಡೆದುಕೊಳ್ಳುವುದಿಲ್ಲ. ಆಗದ್ದೊಂದು ಇರಬೇಕು, ಹೋದರೆ ಮರಳಿ ಬಾರದ್ದೊಂದು ಇರಬೇಕು. ಆಗ ಮುಂದಿನ ಪುಟ ತಿರುಗಿಸಲು ಭಯವಾಗುತ್ತದೆ, ತಿರುಗಿಸದೆ ಇರಲೂ ಆಗುವುದಿಲ್ಲ.

*

ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ 1968ರಲ್ಲಿ ಬಂತು. ಗಾಂಟ್ ಎಂಬ ದ್ವೀಪದಲ್ಲಿ ಆಡು ಕಾಯುತ್ತಿದ್ದ ಗೆಡ್, ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಸೇರುತ್ತಾನೆ. ಸಹಪಾಠಿಯೊಬ್ಬನ ಚುಚ್ಚುಮಾತಿಗೆ ಕೆರಳಿ, ತಾನೇನು ಬಲ್ಲೆನೆಂದು ತೋರಿಸಲು, ಎಂದೋ ಸತ್ತವಳೊಬ್ಬಳನ್ನು ಕರೆಯುತ್ತಾನೆ. ಅವಳ ಬೆನ್ನಿಗೇ ನೆರಳೊಂದು ಹೊರಬಿದ್ದು ಅವನ ಮುಖವನ್ನು ಸೀಳುತ್ತದೆ. ಆ ಬಿರುಕನ್ನು ಮುಚ್ಚಲು ಶಾಲೆಯ ಹಿರಿಯ ಗುರು ನೆಮ್ಮರ್ಲ್ ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಧಾರೆಯೆರೆದು ಪ್ರಾಣ ಬಿಡುತ್ತಾನೆ. ಹುಡುಗನ ಒಂದು ಗಳಿಗೆಯ ಜಂಭಕ್ಕೆ ಮುದುಕನ ಜೀವ. ಲೆ ಗ್ವಿನ್ ಗೆಡ್‌ನನ್ನು ಬೈಯುವುದಿಲ್ಲ, ಕ್ಷಮಿಸುವ ಆತುರವನ್ನೂ ತೋರಿಸುವುದಿಲ್ಲ. ಅವನ ಕೆನ್ನೆಯ ಮೇಲಿನ ಕಲೆಯನ್ನು ಮಾತ್ರ ಕೊನೆಯವರೆಗೂ ಅಳಿಸದೆ ಉಳಿಸುತ್ತಾರೆ. ಮೊದಲು ನೆರಳಿಗೆ ಹೆದರಿ ಓಡುವ ಅವನು ಗುರು ಓಜಿಯನ್‌ನ ಮಾತು ಕೇಳಿ ತಿರುಗಿ ನಿಲ್ಲುತ್ತಾನೆ, ಅದನ್ನೇ ಅಟ್ಟುತ್ತಾನೆ, ಪೂರ್ವದ ದ್ವೀಪಗಳೆಲ್ಲ ಮುಗಿದ ಮೇಲಿನ ಕಡಲಿನಲ್ಲಿ ಅದನ್ನು ತನ್ನದೇ ಹೆಸರು ಹಿಡಿದು ಕರೆಯುತ್ತಾನೆ. ಕತ್ತಿಯ ಕಾಳಗವಿಲ್ಲ, ಶತ್ರುಸಂಹಾರವಿಲ್ಲ. ಮಾಡಿದ್ದು ನಾನೇ ಎಂದು ಒಪ್ಪುವುದನ್ನೇ ಸಾಹಸಕಥೆಯ ಶಿಖರವಾಗಿಸಿದ ಇಂಥ ಪುಸ್ತಕ, ಅದೂ ಹದಿಹರೆಯದವರಿಗೆಂದು ಬರೆದದ್ದು, ನನಗೆ ಇನ್ನೊಂದು ಗೊತ್ತಿಲ್ಲ.

*

ಅರ್ಥ್‌ಸೀಯ ಬಲ್ಲ ಮಾಂತ್ರಿಕರು ಮಳೆ ತರಿಸಲು ಹಿಂಜರಿಯುತ್ತಾರೆ. ಇಲ್ಲಿ ಸುರಿಸಿದ ಮಳೆ ಇನ್ನೆಲ್ಲೋ ಸುರಿಯಬೇಕಾದದ್ದು ಎಂದು ಅವರಿಗೆ ಗೊತ್ತು. ಆಷಾಢದಲ್ಲೂ ಮುಗಿಲು ನೋಡುತ್ತ ಕೂರುವ ನಾಡಿನ ಓದುಗರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಿಲ್ಲ.

*

ಗೆಡ್‌ನ ಮೈಬಣ್ಣ ತಾಮ್ರದ ಕಂದು. ಅವನ ಆಪ್ತ ಗೆಳೆಯ ವೆಚ್ ಕಪ್ಪು. ಬಿಳಿಯರೆಂದರೆ ದಾಳಿ ಮಾಡಲು ಬರುವ ಕಾರ್ಗ್ ಜನ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವರ ಮಗಳಾದ ಲೆ ಗ್ವಿನ್ ಇದನ್ನು ತಿಳಿದೇ ಮಾಡಿದ್ದರು. ಆದರೂ ಎಷ್ಟೋ ಮುಖಪುಟಗಳ ಮೇಲೆ ಬೆಳ್ಳನೆಯ ಹುಡುಗನೇ ನಿಂತ, 2004ರ ಟಿವಿ ಸರಣಿಯಲ್ಲೂ ಅವನೇ ಬಂದ. ಲೇಖಕಿ ಬಹಿರಂಗವಾಗಿಯೇ ಪ್ರತಿಭಟಿಸಿದರು. ಡ್ರ್ಯಾಗನ್ ಇದೆಯೆಂದರೆ ಒಪ್ಪುವ ಮಾರುಕಟ್ಟೆ, ಕಂದು ಬಣ್ಣದ ನಾಯಕನಿದ್ದಾನೆಂದರೆ ಹಿಂದೇಟು ಹಾಕಿತು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

*

ಟೋಲ್ಕಿನ್ ಅವರ ಫ್ರೋಡೋ ಸೋಲುತ್ತಾನೆ. ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಹೊಗಳುವವರೂ ತೆಗಳುವವರೂ ಇದನ್ನು ಮರೆತೇ ಮಾತಾಡುತ್ತಾರೆ. ನಾಶ ಮಾಡಲೆಂದು ಅಷ್ಟು ದೂರ ಉಂಗುರ ಹೊತ್ತು ಬಂದವನು ಬೆಂಕಿಯ ಅಂಚಿನಲ್ಲಿ ನಿಂತು, ಅದನ್ನು ಎಸೆಯಲಾರದೆ, ತನ್ನದೆಂದು ಬೆರಳಿಗೇರಿಸಿಕೊಳ್ಳುತ್ತಾನೆ. ಉಂಗುರದ ಹಿಂದಿನ ಒಡೆಯ ಗೊಲಮ್ ಆ ಬೆರಳನ್ನೇ ಕಚ್ಚಿ ಕಿತ್ತು, ಕಾಲು ತಪ್ಪಿ ಬಿದ್ದದ್ದರಿಂದ ಉಂಗುರ ಬೆಂಕಿಗೆ ಸೇರುತ್ತದೆ. ಗೊಲಮ್ ಅಲ್ಲಿಯವರೆಗೆ ಬದುಕಿದ್ದಾದರೂ ಹೇಗೆ? ಫ್ರೋಡೋಗೆ ಉಂಗುರ ಬಿಟ್ಟುಹೋದ ಬಿಲ್ಬೋ ಒಮ್ಮೆ, ಫ್ರೋಡೋ ಒಮ್ಮೆ, ಕೊನೆಗೆ ಅವನ ಜೊತೆಗಾರ ಸ್ಯಾಮ್ ಒಮ್ಮೆ ಅವನನ್ನು ಕೊಲ್ಲದೆ ಬಿಟ್ಟದ್ದರಿಂದ. ಸಾವಿರ ಪುಟಗಳ ಯುದ್ಧಕಥೆಯ ಗೆಲುವು ನಿಂತಿರುವುದು ಎತ್ತಿದ ಕೈಯನ್ನು ಇಳಿಸಿದ ಆ ಗಳಿಗೆಗಳ ಮೇಲೆ.

*

ಆ ಉಂಗುರ ಮಾಡಿದ ಸಾರಾನ್ ತನ್ನ ಶಕ್ತಿಯನ್ನು ಅದರಲ್ಲಿ ಇರಿಸಿದ. ನಮ್ಮ ಅಜ್ಜಿಯರ ಕಥೆಯ ರಾಕ್ಷಸ ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇರಿಸಿದ. ಅಜ್ಜಿಯ ಕಥೆಯಲ್ಲಿ ರಾಜಕುಮಾರ ಗಿಳಿಯ ಕತ್ತು ಮುರಿದರೆ ಮುಗಿಯಿತು. ಟೋಲ್ಕಿನ್ ಕೇಳಿದ್ದು ಮುಂದಿನ ಪ್ರಶ್ನೆ: ಗಿಳಿಯನ್ನು ಕೈಯಲ್ಲಿ ಹಿಡಿದವನಿಗೆ ಅದನ್ನು ಕೊಲ್ಲಲು ಮನಸ್ಸೇ ಬಾರದೆ ಹೋದರೆ?

*

1916ರ ಸೋಮ್ ಕದನದಲ್ಲಿ ಟೋಲ್ಕಿನ್ ಸಂದೇಶ ವಿಭಾಗದ ಅಧಿಕಾರಿಯಾಗಿದ್ದರು. ಕಂದಕಗಳಲ್ಲಿ ಹೇನಿನಿಂದ ಹರಡುವ ಜ್ವರ ಹತ್ತಿ ಇಂಗ್ಲೆಂಡಿಗೆ ಮರಳಿದರು. ಶಾಲೆಯ ದಿನಗಳ ಆಪ್ತರಲ್ಲಿ ಇಬ್ಬರು ಮರಳಲಿಲ್ಲ. ಫ್ರೋಡೋನ ಹೆಗಲಿನ ಗಾಯ ವರ್ಷ ವರ್ಷ ಅದೇ ದಿನ ಮತ್ತೆ ನೋಯುವುದನ್ನು ಬರೆದವರು ಇವರು. ತಾನು ಉಳಿಸಿದ ಊರಿನಲ್ಲಿ ತಾನೇ ಉಳಿಯಲಾರದೆ ಫ್ರೋಡೋ ಹಡಗು ಹತ್ತುತ್ತಾನೆ. ಇಷ್ಟನ್ನು ಓದಿಯೂ ಫ್ಯಾಂಟಸಿಯೆಂದರೆ ಪಲಾಯನ ಎನ್ನುವವರಿದ್ದಾರೆ. 1939ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಕೊಟ್ಟು, ಆಮೇಲೆ ಬೆಳೆಸಿ ಅಚ್ಚು ಮಾಡಿಸಿದ ಉಪನ್ಯಾಸದಲ್ಲಿ ಟೋಲ್ಕಿನ್ ಈ ಮಾತಿಗೆ ಉತ್ತರಿಸಿದ್ದಾರೆ. ಸೆರೆಯಿಂದ ತಪ್ಪಿಸಿಕೊಂಡು ಮನೆಗೆ ಹೊರಟವನನ್ನೂ ರಣರಂಗದಿಂದ ಕಾಲ್ತೆಗೆದವನನ್ನೂ ಒಂದೇ ಎಂದು ತಿಳಿಯಬೇಡಿ ಎಂಬುದು ಅವರ ವಾದದ ತಿರುಳು. ನನ್ನ ನಂಬಿಕೆ ಇನ್ನೂ ಒಂದು ಹೆಜ್ಜೆ ಮುಂದಿನದು. ಕಂಡದ್ದನ್ನು ಕಂಡ ಹಾಗೆ ಹೇಳಲು ನಾಲಿಗೆ ಏಳದವರಿಗೆ ಉಳಿಯುವ ಕೆಲವೇ ದಾರಿಗಳಲ್ಲಿ ಫ್ಯಾಂಟಸಿ ಒಂದು.

*

ಓರ್ಕ್‌ಗಳ ವಿಚಾರದಲ್ಲಿ ಮಾತ್ರ ಟೋಲ್ಕಿನ್ ನನಗೆ ಒಪ್ಪಿಗೆಯಾಗುವುದಿಲ್ಲ. ಹುಟ್ಟಿನಿಂದಲೇ ಕೆಟ್ಟದ್ದಾದ ಒಂದು ಜನಾಂಗ, ಕರುಣೆಯ ಮೇಲೆ ಕಟ್ಟಿದ ಪುಸ್ತಕದೊಳಗೆ ಹೊಂದುವುದಿಲ್ಲ. ಅವರೂ ಮುಂದೆ ಬರೆದ ಟಿಪ್ಪಣಿಗಳಲ್ಲಿ ಈ ಗಂಟನ್ನು ಬಿಡಿಸಲು ಹೆಣಗಿದರು, ಬಿಡಿಸಲಾಗಲಿಲ್ಲ. ಅವರನ್ನು ಅನುಕರಿಸಿದವರು ಹೆಣಗಲೂ ಇಲ್ಲ. ಕಡಿದು ಬಿಸಾಡಲು ಒಂದು ಜಾತಿಯ ಪ್ರಾಣಿ ಸಿಕ್ಕಿತೆಂದು ಹಾಗೇ ಎತ್ತಿಕೊಂಡರು.

*

ಭವಿಷ್ಯವಾಣಿಯಲ್ಲಿ ಮೊದಲೇ ಹೆಸರು ಬರೆಸಿಕೊಂಡು ಬರುವ ನಾಯಕರು ನನ್ನನ್ನು ಹಿಡಿದಿಡುವುದಿಲ್ಲ. ಸ್ಯಾಮ್ ತೋಟದ ಮಾಲಿ. ಅವನ ಬಗ್ಗೆ ಯಾವ ಋಷಿಯೂ ಏನನ್ನೂ ನುಡಿದಿರಲಿಲ್ಲ.

*

ಪುಸ್ತಕದ ಮೊದಲಲ್ಲೇ ನಕ್ಷೆಯಿದ್ದರೆ ಖುಷಿಯಾಗುತ್ತದೆ. ಕಥೆ ಆ ನಕ್ಷೆಯ ಊರೂರಿಗೂ ಕರೆದೊಯ್ದರೆ ಖುಷಿ ಇಳಿಯುತ್ತದೆ. ಯಾರೂ ಕಾಲಿಡದೆ ಉಳಿದ ಊರುಗಳಿಂದಲೇ ಆ ಲೋಕ ದೊಡ್ಡದೆನಿಸುವುದು.

*

ಟೋಲ್ಕಿನ್ ಕಥೆಯ ಕೊನೆಗೆ ಯುದ್ಧ ಗೆದ್ದು ಫ್ರೋಡೋ, ಸ್ಯಾಮ್ ಮತ್ತಿತರ ಹಾಬಿಟ್‌ಗಳು ಊರಿಗೆ ಮರಳಿದಾಗ ಮರಗಳು ಉರುಳಿವೆ, ನೀರು ಕೊಳೆತಿದೆ, ಸೋತ ಮಾಂತ್ರಿಕ ಸಾರುಮಾನ್ ಅಲ್ಲೇ ಬಂದು ಕೂತಿದ್ದಾನೆ. ಯುದ್ಧ ಎಲ್ಲೋ ದೂರದಲ್ಲಿ ನಡೆದರೂ ಮನೆ ಇದ್ದ ಹಾಗೇ ಇರುವುದಿಲ್ಲ ಎನ್ನುವ ಈ ಅಧ್ಯಾಯವನ್ನು ಪೀಟರ್ ಜಾಕ್ಸನ್ 2003ರ ಚಿತ್ರದಲ್ಲಿ ಕೈಬಿಟ್ಟರು. ಮೈಕೇಲ್ ಎಂಡೆ ಅವರ ಜರ್ಮನ್ ಕಾದಂಬರಿ ‘ದಿ ನೆವರ್‌ಎಂಡಿಂಗ್ ಸ್ಟೋರಿ’ಗೂ (1979) ಇದೇ ಗತಿ. 1984ರ ಚಿತ್ರ ಪುಸ್ತಕದ ಅರ್ಧಕ್ಕೇ ಮುಗಿಯುತ್ತದೆ. ಉಳಿದ ಅರ್ಧದಲ್ಲಿದೆ ನಿಜವಾದ ಕಥೆ. ಎಲ್ಲರಿಂದ ಗೇಲಿ ಮಾಡಿಸಿಕೊಂಡ ದಪ್ಪ ಹುಡುಗ ಬಾಸ್ಟಿಯನ್ ಪುಸ್ತಕದೊಳಗಿನ ಲೋಕಕ್ಕೆ ಇಳಿದಿದ್ದಾನೆ, ಕೇಳಿದ್ದೆಲ್ಲ ಸಿಗುತ್ತದೆ, ಮತ್ತು ಸಿಕ್ಕ ಒಂದೊಂದಕ್ಕೂ ಅವನ ಹಳೆಯ ಬದುಕಿನ ನೆನಪೊಂದು ಅಳಿಯುತ್ತದೆ. ಸುಂದರನಾಗುತ್ತಾನೆ, ತಾನು ದಪ್ಪಗಿದ್ದದ್ದು ಮರೆಯುತ್ತದೆ. ಬಲಶಾಲಿಯಾಗುತ್ತಾನೆ, ಹೆದರಿಕೊಂಡಿದ್ದ ದಿನಗಳು ಮರೆಯುತ್ತವೆ. ಕೊನೆಗೆ ತಂದೆತಾಯಿಯ ನೆನಪೂ ತನ್ನ ಹೆಸರೂ ಹೋಗುತ್ತವೆ. ಚಿತ್ರ ಕಂಡ ಎಂಡೆ ಸಿಟ್ಟಾಗಿ ತಮ್ಮ ಹೆಸರು ತೆಗೆಯಿರೆಂದರು. ಅವರ ಸಿಟ್ಟು ನ್ಯಾಯವಾದದ್ದು. ಎರಡೂ ಚಿತ್ರಗಳು ಅದ್ಭುತವನ್ನು ಇಟ್ಟುಕೊಂಡು ಅದರ ಬೆಲೆಯನ್ನು ಕತ್ತರಿಸಿ ಹಾಕಿದವು.

*

ಸುಸಾನಾ ಕ್ಲಾರ್ಕ್ ಅವರ ‘ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್’ (2004) ನೆಪೋಲಿಯನ್ ಕಾಲದ ಇಂಗ್ಲೆಂಡಿನಲ್ಲಿ ನಡೆಯುತ್ತದೆ. ಮಂತ್ರಿಯೊಬ್ಬ ಮದುವೆಯಾಗಬೇಕಿದ್ದ ಹುಡುಗಿ ಸತ್ತಾಗ ಮಾಂತ್ರಿಕ ನೊರೆಲ್ ಅವಳನ್ನು ಬದುಕಿಸುತ್ತಾನೆ, ಅವಳು ಮದುವೆಯಾಗಿ ಲೇಡಿ ಪೋಲ್ ಆಗುತ್ತಾಳೆ. ಲಂಡನ್ನಿಗೆ ಲಂಡನ್ನೇ ಅವನನ್ನು ಹಾಡಿ ಹೊಗಳುತ್ತದೆ. ಮಾಯಾಲೋಕದ ದೊರೆಯೊಬ್ಬನೊಂದಿಗೆ ಅವನು ಮಾಡಿಕೊಂಡ ಒಪ್ಪಂದ ಯಾರಿಗೂ ಗೊತ್ತಿಲ್ಲ: ಅವಳ ಉಳಿದ ಆಯಸ್ಸಿನಲ್ಲಿ ಅರ್ಧ ಆ ದೊರೆಯ ಪಾಲು. ರಾತ್ರಿಯೆಲ್ಲ ಅವಳು ಅವನ ಅರಮನೆಯಲ್ಲಿ ಕುಣಿಯಬೇಕು. ಹಗಲು ನಿಂತಲ್ಲೇ ಕುಸಿಯುತ್ತಾಳೆ. ಆದದ್ದನ್ನು ಹೇಳಲು ಬಾಯಿ ತೆರೆದರೆ ಸಂಬಂಧವಿಲ್ಲದ ಯಾವುದೋ ಕಥೆ ಹೊರಬರುತ್ತದೆ. ಮನೆಯವರು ಹುಚ್ಚು ಎನ್ನುತ್ತಾರೆ. ನೊರೆಲ್‌ಗೆ ನಿಜ ಗೊತ್ತು, ಸುಮ್ಮನಿರುತ್ತಾನೆ. ದಪ್ಪ ಪುಸ್ತಕದ ಅಡಿಟಿಪ್ಪಣಿಗಳು, ಯುದ್ಧಗಳು, ಮಾಂತ್ರಿಕರ ಜಗಳಗಳು ಎಲ್ಲವೂ ಸೊಗಸಾಗಿವೆ. ನನ್ನ ಕಣ್ಣು ಮಾತ್ರ ಲೇಡಿ ಪೋಲ್‌ಳ ಕೋಣೆಯನ್ನು ಬಿಟ್ಟು ಕದಲಲಿಲ್ಲ. ಅವಳ ಆಯಸ್ಸನ್ನು ಅವಳನ್ನು ಕೇಳದೆ ಇಬ್ಬರು ಗಂಡಸರು ಹಂಚಿಕೊಂಡಿದ್ದರು.

*

ನಮ್ಮಲ್ಲಿ ಇದೇ ಪ್ರಶ್ನೆಯನ್ನು ಇಷ್ಟೇ ನಿಷ್ಠುರವಾಗಿ ಕೇಳಿದವರು ಗಿರೀಶ ಕಾರ್ನಾಡರು. ಶಾಪದಿಂದ ಮುಪ್ಪು ಬಂದ ಯಯಾತಿ ಮಗ ಪುರುವಿನಿಂದ ಯೌವನ ಪಡೆಯುವುದು ಮಹಾಭಾರತದಲ್ಲೇ ಇದೆ. ಅಲ್ಲಿ ಅದು ಪಿತೃಭಕ್ತಿಯ ಕಥೆ. 1961ರ ‘ಯಯಾತಿ’ ನಾಟಕದಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೊಸ ಹೆಂಡತಿಯಿದ್ದಾಳೆ. ಗಂಡ ಒಂದೇ ಗಳಿಗೆಯಲ್ಲಿ ಮುದುಕನಾದದ್ದನ್ನು ಕಂಡ ಅವಳು ಕೊನೆಗೆ ಜೀವ ಕಳೆದುಕೊಳ್ಳುತ್ತಾಳೆ. ತಂದೆ ಮಗನ ನಡುವಿನ ಉದಾತ್ತ ವ್ಯವಹಾರದ ಲೆಕ್ಕ ಅವಳ ಹೆಸರಿಗೆ ಬಿತ್ತು. ಲೇಡಿ ಪೋಲ್ ಮತ್ತು ಚಿತ್ರಲೇಖೆ ಎದುರಾದರೆ ಒಬ್ಬರು ಇನ್ನೊಬ್ಬರಿಗೆ ಏನನ್ನೂ ವಿವರಿಸಬೇಕಾಗುವುದಿಲ್ಲ.

*

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಬಡ ತಾಯಿಯ ಮಗಳು ಮೈಮೇಲೆ ನೀರು ಹೊಯ್ಯಿಸಿಕೊಂಡು ಹೂವಿನ ಮರವಾಗುತ್ತಾಳೆ. ಮತ್ತೊಮ್ಮೆ ನೀರು ಹೊಯ್ದರೆ ಮತ್ತೆ ಹುಡುಗಿ. ಹೂ ಕೀಳುವಾಗ ಚಿಗುರಿಗೂ ಕೊಂಬೆಗೂ ನೋವಾಗಬಾರದು. ಮದುವೆಯಾಗಿ ಅರಮನೆ ಸೇರಿದ ಮೇಲೆ ನಾದಿನಿ ಮತ್ತವಳ ಗೆಳತಿಯರು ಆಟಕ್ಕೆಂದು ಅವಳನ್ನು ಮರವಾಗಿಸುತ್ತಾರೆ, ಕೊಂಬೆ ಮುರಿಯುತ್ತಾರೆ, ಸರಿಯಾಗಿ ನೀರು ಹೊಯ್ಯದೆ ಓಡಿಹೋಗುತ್ತಾರೆ. ಅವಳು ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ಅಮೆರಿಕದ ಜಾನ್ ಆಡಮ್ಸ್ ಇದನ್ನು ಒಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಆಡಿಸಿದರು. ಹೆಂಗಸರು ಹೇಳಿಕೊಂಡು ಬಂದ ಈ ಕಥೆಯಲ್ಲಿ ಮಂತ್ರದ ನಿಯಮ, ಅದನ್ನು ಮುರಿದವರ ಹಗುರ ಮನಸ್ಸು, ತೆತ್ತವಳ ಮೈ, ಮೂರೂ ಸ್ಪಷ್ಟವಾಗಿವೆ. ಇದಕ್ಕಿಂತ ಹೆಚ್ಚಿನದನ್ನು ನಾನು ದೊಡ್ಡ ದೊಡ್ಡ ಸಂಪುಟಗಳಿಂದಲೂ ಕೇಳುವುದಿಲ್ಲ.

*

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ (1818) ಹುಟ್ಟಿದ್ದು ಬೇಸಿಗೆಯೇ ಬಾರದ ವರ್ಷದಲ್ಲಿ. 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನ ಆಕಾಶ ಮಂಕಾಗಿ, ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರು ದೆವ್ವದ ಕಥೆ ಬರೆಯಲು ಕೂತರು. ಮೇರಿಗೆ ಆಗ 18 ವರ್ಷ. ವಿಜ್ಞಾನಿ ಮಿತಿಮೀರಿದ ಎಂದು ಈ ಕಾದಂಬರಿಯನ್ನು ಓದುವವರೇ ಹೆಚ್ಚು. ನನಗೆ ಕಾಣುವ ತಪ್ಪು ಬೇರೆ: ವಿಕ್ಟರ್ ಜೀವ ಕೊಟ್ಟು, ಅದು ಕಣ್ಣು ಬಿಟ್ಟ ಗಳಿಗೆಯಲ್ಲೇ ಅಸಹ್ಯಪಟ್ಟು ಕೋಣೆ ಬಿಟ್ಟು ಓಡುತ್ತಾನೆ. ಆಮೇಲೆ ಸಾಯುವವರು ಅವನ ಪುಟ್ಟ ತಮ್ಮ, ಮಾಡದ ಕೊಲೆಗೆ ಗಲ್ಲಿಗೇರುವ ಮನೆಗೆಲಸದ ಜಸ್ಟೀನ್, ಗೆಳೆಯ, ಮದುವೆಯ ರಾತ್ರಿಯೇ ಹೆಂಡತಿ. ಜಸ್ಟೀನ್ ನಿರಪರಾಧಿಯೆಂದು ಗೊತ್ತಿದ್ದೂ ವಿಕ್ಟರ್ ಬಾಯಿ ಬಿಡುವುದಿಲ್ಲ. ನೊರೆಲ್‌ನ ಮೌನಕ್ಕೂ ಈ ಮೌನಕ್ಕೂ ಸುಮಾರು ಇನ್ನೂರು ವರ್ಷಗಳ ಅಂತರ.

*

ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಓದಿದ ಮೇಲೆ ಕಾಲಯಾನದ ಯಂತ್ರಗಳ ವರ್ಣನೆ ನನಗೆ ರುಚಿಸದಾಯಿತು. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಕಪ್ಪು ಲೇಖಕಿ ಡೇನಾಳನ್ನು ಯಾವುದೋ ಶಕ್ತಿ ಮತ್ತೆ ಮತ್ತೆ 19ನೇ ಶತಮಾನದ ಮೇರಿಲ್ಯಾಂಡಿಗೆ, ಗುಲಾಮರನ್ನು ದುಡಿಸುವ ತೋಟಕ್ಕೆ ಎಳೆದೊಯ್ಯುತ್ತದೆ. ಹೇಗೆ ಎಂದು ಬಟ್ಲರ್ ಹೇಳುವುದೇ ಇಲ್ಲ. ಅಲ್ಲಿನ ಬಿಳಿಯ ಹುಡುಗ ರೂಫಸ್ ಬದುಕಿದರೆ ಮಾತ್ರ ಮುಂದೆ ಅವಳ ವಂಶ ಹುಟ್ಟುತ್ತದೆ. ಅವನು ಬೆಳೆದು ಧಣಿಯಾಗಿ ಮಾಡುವುದನ್ನೆಲ್ಲ ಕಂಡೂ ಅವನ ಜೀವ ಉಳಿಸುತ್ತಲೇ ಇರಬೇಕು. ಕೊನೆಯ ಸಲ ಮರಳುವಾಗ ಅವಳ ಎಡಗೈ ಗೋಡೆಯೊಳಗೆ ಸಿಕ್ಕಿ ಹೋಗುತ್ತದೆ. ಕೈ ಹೋದದ್ದನ್ನು ಬಟ್ಲರ್ ಕಾದಂಬರಿಯ ಆರಂಭದಲ್ಲೇ ಹೇಳಿಬಿಡುತ್ತಾರೆ. ಮುಂದಿನ ಪ್ರತಿ ಪುಟವನ್ನೂ ಆ ಇಲ್ಲದ ಕೈಯನ್ನು ನೆನೆಯುತ್ತಲೇ ಓದಬೇಕಾಗುತ್ತದೆ.

*

ಮಂತ್ರವೇ ಇಲ್ಲದ ಫ್ಯಾಂಟಸಿಯೂ ಉಂಟು. ಮರ್ವಿನ್ ಪೀಕ್ ಅವರ ‘ಟೈಟಸ್ ಗ್ರೋನ್’ (1946) ನಡೆಯುವ ಗಾರ್ಮೆನ್‌ಘಾಸ್ಟ್ ಕೋಟೆಯಲ್ಲಿ ದೇವರಿಲ್ಲ, ದೆವ್ವವಿಲ್ಲ. ಇರುವುದು ಕಲ್ಲು, ಧೂಳು, ವಿಧಿಗಳು. ದೊರೆ ಇಂಥ ದಿನ ಏನು ಮಾಡಬೇಕೆಂದು ಗ್ರಂಥಗಳಲ್ಲಿ ಬರೆದಿದೆ, ಏಕೆಂದು ಯಾರಿಗೂ ನೆನಪಿಲ್ಲ. ಪುಸ್ತಕಗಳಲ್ಲಿ ಮಾತ್ರ ನೆಮ್ಮದಿ ಕಾಣುತ್ತಿದ್ದ ದೊರೆ ತನ್ನ ಗ್ರಂಥಾಲಯ ಸುಟ್ಟ ಮೇಲೆ ಬುದ್ಧಿ ಕಳೆದುಕೊಂಡು ತಾನು ಗೂಬೆಯೆಂದು ಭಾವಿಸುತ್ತಾನೆ. ಬೆಂಕಿ ಇಡಿಸಿದವನು ಅಡುಗೆಮನೆಯಿಂದ ತಪ್ಪಿಸಿಕೊಂಡು ಬಂದ ಹುಡುಗ ಸ್ಟಿಯರ್‌ಪೈಕ್. ಅವನ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ, ಅವನ ಕೆಲಸ ಭಯ ಹುಟ್ಟಿಸುತ್ತದೆ. ಪೀಕ್ ಚೀನಾದಲ್ಲಿ ಹುಟ್ಟಿದವರು, ಚಿತ್ರಕಾರರು, 1945ರಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಸಾಯುತ್ತಿದ್ದವರನ್ನು ಕಂಡು ಚಿತ್ರಿಸಿದವರು. ಅವರ ವಾಕ್ಯಗಳು ನಿಧಾನ. ಅವಸರವಿದ್ದ ದಿನ ಈ ಪುಸ್ತಕ ತೆರೆಯಬಾರದು.

*

ಹೋಪ್ ಮರ್ಲೀಸ್ ಅವರ ‘ಲಡ್-ಇನ್-ದಿ-ಮಿಸ್ಟ್’ (1926) ಓದಿದವರು ಕಡಿಮೆ, ಅದೇ ನನ್ನ ಕೊರಗು. ಆ ಊರಿನ ವ್ಯಾಪಾರಸ್ಥರಿಗೆ ಮಾಯಾಲೋಕದ ಹಣ್ಣಿನ ಹೆಸರೆತ್ತುವುದೇ ಅಸಭ್ಯ. ಹಣ್ಣು ಕಳ್ಳಸಾಗಣೆಯಾಗುತ್ತಲೇ ಇರುತ್ತದೆ. ಹಿಡಿದವರ ಮೇಲೆ ಕೇಸು ಹಾಕೋಣವೆಂದರೆ ಕಾನೂನಿನ ಪ್ರಕಾರ ಅಂಥ ಹಣ್ಣೇ ಇಲ್ಲ. ಆದ್ದರಿಂದ ಕಡತದಲ್ಲಿ ಅದನ್ನು ರೇಷ್ಮೆ ಬಟ್ಟೆ ಎಂದು ನಮೂದಿಸುತ್ತಾರೆ. ಮೇಯರನ ಮಗನೇ ಅದನ್ನು ತಿಂದ ಮೇಲೆ ಕಡತ ಯಾವ ಕೆಲಸಕ್ಕೂ ಬರುವುದಿಲ್ಲ. ಮಗನನ್ನು ಹುಡುಕಿಕೊಂಡು ಅಪ್ಪ ಯಾರೂ ದಾಟದ ಗಡಿ ದಾಟುತ್ತಾನೆ.

*

‘ಸೊಲಾರಿಸ್’ (1961) ಗ್ರಹದ ಸಮುದ್ರದ ಬಗ್ಗೆ ತಲೆಮಾರುಗಳ ವಿಜ್ಞಾನಿಗಳು ಗ್ರಂಥಾಲಯ ತುಂಬುವಷ್ಟು ಬರೆದಿದ್ದಾರೆ. ಸಮುದ್ರ ಉತ್ತರವಾಗಿ ಕಳಿಸುವುದು ನಾಯಕನ ಸತ್ತ ಹೆಂಡತಿಯನ್ನು. ಸ್ತಾನಿಸ್ವಾವ್ ಲೆಮ್ ಕೊನೆಯವರೆಗೂ ಆ ಸಮುದ್ರದ ಉದ್ದೇಶ ಹೇಳುವುದಿಲ್ಲ. ಗೊತ್ತಾಗದ್ದನ್ನು ಗೊತ್ತಾಗದೆಯೇ ಬಿಡುವ ಧೈರ್ಯ ವಿಜ್ಞಾನ ಕಾದಂಬರಿಗಳಲ್ಲಿ ಅಪರೂಪ.

*

ಲೆ ಗ್ವಿನ್ 1973ರಲ್ಲಿ ಓಮೆಲಾಸ್ ಎಂಬ ನಗರದ ಸಣ್ಣ ಕಥೆ ಬರೆದರು. ಊರಿಗೆ ಊರೇ ಸುಖವಾಗಿದೆ. ನೆಲಮಾಳಿಗೆಯ ಕತ್ತಲೆ ಕೋಣೆಯಲ್ಲಿ ಒಂದು ಮಗು ಹೊಲಸಿನಲ್ಲಿ ನರಳುತ್ತಿರಬೇಕು, ಅದು ಆ ಸುಖದ ಷರತ್ತು. ಎಲ್ಲರಿಗೂ ಇದು ಗೊತ್ತು. ಕೆಲವರು ತಾಳಲಾರದೆ ಊರು ಬಿಟ್ಟು ಹೋಗುತ್ತಾರೆ. ಅವರನ್ನು ಕಥೆಯ ನಾಯಕರೆಂದು ಮೆಚ್ಚುವವರಿದ್ದಾರೆ. ನನಗೆ ಮೆಚ್ಚಲಾಗದು. ಅವರು ಹೋದ ಮೇಲೂ ಮಗು ಅಲ್ಲೇ ಇದೆ.

*

ಅರ್ಥ್‌ಸೀ ಸರಣಿಯ ‘ದಿ ಫಾರ್ದೆಸ್ಟ್ ಶೋರ್’ (1972) ಕಾದಂಬರಿಯ ಕೊನೆಗೆ ಗೆಡ್, ಬದುಕಿಗೂ ಸಾವಿಗೂ ನಡುವೆ ತೆರೆದ ಬಾಗಿಲನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ನೆಮ್ಮರ್ಲ್ ಅವನಿಗಾಗಿ ತೆತ್ತದ್ದನ್ನು ಅವನು ಲೋಕಕ್ಕಾಗಿ ತೆರುತ್ತಾನೆ. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದಾಗ 1990ರಲ್ಲಿ ‘ತೆಹಾನು’ ಬಂತು. ಅಲ್ಲಿ ಶಕ್ತಿ ಕಳೆದುಕೊಂಡ ಗೆಡ್ ನಾಚಿಕೆಯಿಂದ ಮುಖ ಮರೆಸಿಕೊಳ್ಳುವ ನಡುವಯಸ್ಸಿನ ಗಂಡಸು. ಕಥೆ ನಡೆಸುವವಳು ರೈತನ ವಿಧವೆ ಟೆನಾರ್, ಮತ್ತು ಸ್ವಂತದವರೇ ಬೆಂಕಿಗೆ ದೂಡಿದ್ದರಿಂದ ಅರ್ಧ ಮುಖ ಸುಟ್ಟ ಒಂದು ಮಗು. ಮಾಂತ್ರಿಕರ ವೈಭವ ಹುಡುಕಿಕೊಂಡು ಬಂದ ಓದುಗರಿಗೆ ನಿರಾಸೆಯಾಯಿತು. ನನಗೆ ಇದು ಇಡೀ ಸರಣಿಯಲ್ಲೇ ಧೀರವಾದ ಪುಸ್ತಕ. ಪಾತ್ರೆ ತೊಳೆಯುವವರು, ಮಗುವಿನ ಗಾಯಕ್ಕೆ ಮದ್ದು ಹಚ್ಚುವವರು, ಮಂತ್ರಶಾಲೆಯ ಬಾಗಿಲೊಳಗೆ ಯಾರೂ ಬಿಡದ ಹೆಂಗಸರು ಅರ್ಥ್‌ಸೀಯಲ್ಲಿ ಮೊದಲಿಂದಲೂ ಇದ್ದರು, ಈಗ ಕಾಣಿಸಿಕೊಂಡರು. ಕೊನೆಯಲ್ಲಿ ಡ್ರ್ಯಾಗನ್ ಬಂದು ದುಷ್ಟನನ್ನು ಸುಟ್ಟುಹಾಕುವ ಪುಟಗಳು ಮಾತ್ರ ಅವಸರದವು. ಅಷ್ಟು ತಾಳ್ಮೆಯಿಂದ ಕಟ್ಟಿದ ಕಷ್ಟಕ್ಕೆ ಅಷ್ಟು ಸುಲಭದ ಬಿಡುಗಡೆ ಬೇಕಿರಲಿಲ್ಲ.

*

2001ರ ‘ದಿ ಅದರ್ ವಿಂಡ್’ ಇನ್ನೂ ಆಳಕ್ಕೆ ಹೋಗುತ್ತದೆ. ಮೊದಲ ಪುಸ್ತಕದಿಂದಲೂ ಅರ್ಥ್‌ಸೀಯ ಸತ್ತವರು ಕಲ್ಲುಗೋಡೆಯಾಚೆಯ ಒಣನಾಡಿನಲ್ಲಿ, ಪ್ರೀತಿಸಿದವರ ಗುರುತೂ ಇಲ್ಲದೆ, ಅಲೆಯುತ್ತಿದ್ದರು. ಆ ಲೋಕ ಇರುವುದೇ ಹಾಗೆ ಎಂದು ನಾವು ಓದುಗರು ಒಪ್ಪಿಕೊಂಡಿದ್ದೆವು. ಈಗ ಲೆ ಗ್ವಿನ್ ಹೇಳುತ್ತಾರೆ: ಸಾವಿಲ್ಲದ ಬದುಕಿನ ಆಸೆಗೆ ಹಿಂದಿನ ಮಾಂತ್ರಿಕರು ಡ್ರ್ಯಾಗನ್‌ಗಳ ಪಾಲಿನ ನೆಲವನ್ನು ಕದ್ದು ಈ ನಾಡನ್ನು ಕಟ್ಟಿದರು, ಅದರ ಬೆಲೆಯನ್ನು ಸತ್ತವರೆಲ್ಲ ಅಂದಿನಿಂದ ತೆರುತ್ತಿದ್ದಾರೆ. ಗೋಡೆಗೆ ಕೈ ಹಾಕುವವನು ಮಹಾಮಾಂತ್ರಿಕನಲ್ಲ, ಒಡೆದ ಮಡಕೆ ಕುಡಿಕೆ ಸರಿಮಾಡುವ ಆಲ್ಡರ್ ಎಂಬ ಹಳ್ಳಿಗ. ಸತ್ತ ಹೆಂಡತಿ ರಾತ್ರಿ ಕನಸಿನಲ್ಲಿ ಗೋಡೆಯಾಚೆಯಿಂದ ಅವನನ್ನು ಕರೆದಿದ್ದಳು. ಕಲ್ಲುಗಳು ಒಂದೊಂದಾಗಿ ಉರುಳುತ್ತವೆ. ತಾನೇ ಕಟ್ಟಿದ, ಲಕ್ಷಾಂತರ ಓದುಗರು ಒಪ್ಪಿದ ಲೋಕದ ಅಡಿಪಾಯದಲ್ಲೇ ಅನ್ಯಾಯವಿತ್ತೆಂದು 33 ವರ್ಷಗಳ ಮೇಲೆ ಲೆಕ್ಕ ತೆಗೆದು ತೋರಿಸಿದ ಇನ್ನೊಬ್ಬ ಫ್ಯಾಂಟಸಿ ಲೇಖಕರನ್ನು ನಾನು ಓದಿಲ್ಲ.